ಕಾರ್ಪೆಟ್ ಏರಿಯಾ ರಾಯರು

ಭಾನುವಾರ ನಮ್ಮ ರಾಯರ ಜೇಬಿನಲ್ಲಿ ಮೂರು ವಸ್ತು ಇರುತ್ತವೆ: ಅಳತೆ ಟೇಪು, ದಿಕ್ಸೂಚಿ, ಒಂದು ಗೋಲಿ. ಟೇಪು ಕಾರ್ಪೆಟ್ ಏರಿಯಾಕ್ಕೆ, ದಿಕ್ಸೂಚಿ ವಾಸ್ತುವಿಗೆ. ಗೋಲಿಯನ್ನು ಹಾಲಿನ ನಡುವೆ ಬಿಡುತ್ತಾರೆ. ಅದು ಉರುಳಿದರೆ ನೆಲ ಇಳಿಜಾರು, ಫ್ಲಾಟ್ ನಾಪಾಸು. ಉರುಳದ ಗೋಲಿಯನ್ನು ಅವರೂ ಕಂಡಿಲ್ಲ, ನಾವೂ ಕಂಡಿಲ್ಲ.

ಈ ಮನೆ ನೋಡುವ ಕಾರ್ಯಕ್ರಮ ಶುರುವಾದದ್ದು 2004ರ ನವೆಂಬರಿನಲ್ಲಿ, ಠಾಣೆ–ವಾಶಿ ನಡುವೆ ಲೋಕಲ್ ಓಡತೊಡಗಿದಾಗ. "ರೈಲು ಬಂದ ಬಿಸಿಗೆ ರೇಟು ಏರಿದೆ, ತಣಿಯಲಿ" ಅಂದರು. 2008ರಲ್ಲಿ ಜಗತ್ತೇ ತಣ್ಣಗಾಯಿತು. "ಇನ್ನೂ ಇಳಿಯುತ್ತದೆ ಮಾರಾಯ್ರೆ!" 2017ರಲ್ಲಿ ರೇರಾ ಕಾಯ್ದೆ ಬಂದು, ಬಿಲ್ಡರುಗಳು ಕಾರ್ಪೆಟ್ ಲೆಕ್ಕವನ್ನೇ ಹೇಳಬೇಕೆಂದಾಗ ರಾಯರ ಟೇಪಿಗೆ ಸರಕಾರಿ ಮುದ್ರೆ ಬಿದ್ದಂತಾಯಿತು. ಆ ಸಂಭ್ರಮದಲ್ಲಿ ಅವರು ಕೊಂಡೇ ಬಿಟ್ಟರು, ಇನ್ನೊಂದು ಉದ್ದದ ಟೇಪು. 2025ರ ಅಕ್ಟೋಬರಿನಲ್ಲಿ ನವಿ ಮುಂಬಯಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಈಗ ವಿಮಾನದ ಸದ್ದು ಕೇಳಿ ನೋಡಬೇಕಂತೆ.

ತಮಾಷೆಯೆಂದರೆ, ಮಹಾಪೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ರಾಯರದು ಪರ್ಚೇಸ್ ವಿಭಾಗ. ದಿನವಿಡೀ ಕೊಳ್ಳುವುದೇ ಕೆಲಸ. ಆದರೆ ಮೂರು ಕೊಟೇಶನ್ ಇಲ್ಲದೆ ಅಲ್ಲಿ ಒಂದು ನಟ್ಟೂ ಒಳಗೆ ಬರುವುದಿಲ್ಲ. ಆ ಅಭ್ಯಾಸ ಮನೆಗೂ ಬಂದಿದೆ. ಕೊತ್ತಂಬರಿ ಸೊಪ್ಪಿಗೂ ಮೂರು ಗಾಡಿ ಸುತ್ತುತ್ತಾರೆ. ಮೂರನೆಯ ಗಾಡಿ ಮುಟ್ಟುವಷ್ಟರಲ್ಲಿ ಮೊದಲಿನದರಲ್ಲಿ ಸೊಪ್ಪು ಮುಗಿದಿರುತ್ತದೆ. ಫ್ಲಾಟಿನ ಕಥೆಯೂ ಅಷ್ಟೇ.

ಅವರ ಕೊರಗು ಮಾತ್ರ ಲೀಸಿನದು. "ನವಿ ಮುಂಬಯಿ ಕಟ್ಟಿದ ಸಿಡ್ಕೋದ ಜಾಗ 60 ವರ್ಷದ ಲೀಸಂತೆ. ನಮ್ಮ ಕಾರ್ಖಾನೆಯ ಪ್ಲಾಟಿಗೆ ಎಂಐಡಿಸಿ 95 ವರ್ಷ ಕೊಟ್ಟಿದೆ. ನಟ್ಟು–ಬೋಲ್ಟಿಗೆ 95, ಮನುಷ್ಯನಿಗೆ 60! ನಾಳೆ ನನ್ನ ಮೊಮ್ಮಗ ಎಲ್ಲಿಗೆ ಹೋಗಬೇಕು?" ಹೀಗೆ ಕೇಳುವ ರಾಯರು ತಾವು ಮಾತ್ರ 11 ತಿಂಗಳ ಬಾಡಿಗೆ ಕರಾರಿಗೆ ತಪ್ಪದೆ ಸಹಿ ಹಾಕುತ್ತಾರೆ. ಮೊಮ್ಮಗನಿರಲಿ, ಮಗನಿಗೇ ಇನ್ನೂ ಹೆಣ್ಣು ಸಿಕ್ಕಿಲ್ಲ. ಅಲ್ಲಿಯೂ ಗೋಲಿ ಉರುಳುತ್ತಿದೆಯೋ ಏನೋ.

ಆದರೂ ಘನ್ಸೋಲಿಯ ನಮ್ಮ ಬಿಲ್ಡಿಂಗಿಗೆ ರಾಯರಿಲ್ಲದೆ ನಡೆಯದು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಬಾಡಿಗೆದಾರರಿಗೆ ವೋಟಿಲ್ಲ. ಆದರೆ ಟೆರೇಸು ಸೋರುವುದು ಎಲ್ಲಿಂದ, ಲಿಫ್ಟಿನ ಗುತ್ತಿಗೆ ಮುಗಿಯುವುದು ಯಾವಾಗ ಎಂಬುದು ಗೊತ್ತಿರುವುದು ಅವರೊಬ್ಬರಿಗೇ. ಸೆಕ್ರೆಟರಿ ಅವರಿಗೇ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸುತ್ತಾನೆ. ಮಳೆಗಾಲದಲ್ಲಿ ಮೂರನೇ ಮಹಡಿಯ ಕಾಕು ಅಳುವಡಿ ಕಳಿಸಿದರೆ ಅದೇ ಡಬ್ಬದಲ್ಲಿ ರಾಯರ ಮನೆಯಿಂದ ಪತ್ರೊಡೆ ಹೋಗುತ್ತದೆ. ಎರಡಕ್ಕೂ ಕೆಸುವಿನ ಎಲೆಯೇ. ಯಾವುದು ಮೂಲ ಎಂಬ ತಗಾದೆ ಹಲವು ಮಳೆಗಾಲಗಳಿಂದ ಇದೆ. ಮಾಲೀಕರು ಮನೆ ಬಿಡಿಸಿದಾಗಲೆಲ್ಲ ಬಿಲ್ಡಿಂಗಿನವರೇ ಸೇರಿ ಅದೇ ಬಿಲ್ಡಿಂಗಿನಲ್ಲಿ ಇನ್ನೊಂದು ಬಾಡಿಗೆ ಮನೆ ಹುಡುಕಿಕೊಟ್ಟಿದ್ದಾರೆ. ಎ ವಿಂಗಿನಿಂದ ಬಿ, ಬಿಯಿಂದ ಮತ್ತೆ ಎ. ಟೆಂಪೋ ಬೇಕಾಗಿಲ್ಲ, ಲಿಫ್ಟೇ ಸಾಕು.

ಇನ್ನೊಂದು ಗುಟ್ಟು ಹೇಳಬೇಕು. ರಾಯರು ನಾಪಾಸು ಮಾಡಿದ ಫ್ಲಾಟುಗಳ ಒಂದು ನೋಟುಪುಸ್ತಕವಿದೆ: ನೀರಿನ ಒತ್ತಡ, ವಾಸಕ್ಕೆ ಒಪ್ಪಿಗೆಯ ಓಸಿ ಬಂದಿದೆಯೋ ಇಲ್ಲವೋ, ಪಾರ್ಕಿಂಗಿನ ಕಂಬ, ಎಲ್ಲ ಅದರಲ್ಲಿದೆ. ಅದನ್ನು ಓದಿಯೇ, ರಾಯರ ಜೊತೆ ಮನೆ ನೋಡಲು ಹೋಗುವ ನಮ್ಮ ಗುಂಪಿನವರು ಡೊಂಬಿವಲಿ, ಕಲ್ಯಾಣ್, ಕೋಪರ್‌ಖೈರ್ಣೆಗಳಲ್ಲಿ ಮನೆ ಮಾಡಿಕೊಂಡರು. ನಾನಿರುವುದೂ ಅದರ 37ನೇ ಪುಟದಲ್ಲಿ. ಷರಾ: "ಅಡುಗೆಮನೆಯಲ್ಲಿ ಗೋಲಿ ಈಶಾನ್ಯಕ್ಕೆ." ಗೃಹಪ್ರವೇಶದ ದಿನ ರಾಯರು ಬಂದು ಹೋಳಿಗೆ ಉಂಡು, ಮತ್ತೊಮ್ಮೆ ಗೋಲಿ ಬಿಟ್ಟರು. ಈಶಾನ್ಯಕ್ಕೇ ಹೋಯಿತು. ನನ್ನ ಹೆಂಡತಿ "ಹಾಲು ಉಕ್ಕಿದ್ದೂ ಆ ಕಡೆಗೇ, ಶುಭ ಬಿಡಿ ಭಾವ" ಎಂದಳು.

ಬರುವ ಭಾನುವಾರ ಶಿಳ್‌ಫಾಟಾದ ಕಡೆ ಸ್ಯಾಂಪಲ್ ಫ್ಲಾಟ್ ನೋಡಲು ಹೊರಟಿದ್ದೇವೆ. ಕಾರಿನಲ್ಲಿ ಒಂದು ಸೀಟು ಖಾಲಿಯಿದೆ. ನಿಮಗೆ ನಿಜವಾಗಿ ಮನೆ ಬೇಕಿದ್ದರೆ ಬನ್ನಿ; ರಾಯರು ಬೇಡವೆಂದ ಕೂಡಲೇ ಟೋಕನ್ ಕೊಟ್ಟುಬಿಡಿ.