ಸೋಲಿಲ್ಲದ ಬೂಟು

ಲೇಸಿನ ತೂತೊಂದು ಹರಿದಿತ್ತೆಂದು, ಸಿಕಂದರಾಬಾದಿನ ಗಡಿಯಾರ ಗೋಪುರದ ಹತ್ತಿರ ಬೂಟು ಹೊಲಿಯುವ ಚಾಚಾನ ಮುಂದೆ ನನ್ನ ಬೂಟು ಇಟ್ಟೆ. ಆತ ಅದನ್ನು ತಿರುಗಿಸಿ ನೋಡಿದ, ನೀರುದೋಸೆಯಂತೆ ಮಡಚಿ ನೋಡಿದ, ಆಮೇಲೆ ನನ್ನ ಮುಖ ನೋಡಿದ. ‘ಪೂರಾಚ್ ಘಿಸ್ ಗಯಾ ಸಾಬ್. ನವಾ ಸೋಲ್ ಡಾಲೂಂ?’

ಕೊಂಡು ಎಂಟು ದಿನವಾಗಿತ್ತು. ಇಲ್ಲದ ಆ ಸೋಲಿಗೇ ಹೆಚ್ಚು ದುಡ್ಡು ಕೊಟ್ಟಿದ್ದೇನೆ ಎನ್ನಲು ನಾಲಿಗೆ ಬರಲಿಲ್ಲ. ‘ನಕ್ಕೋ’ ಎಂದೆ.

ಸಾಮಾನ್ಯ ಓಟದ ಬೂಟಿನಲ್ಲಿ ಹಿಮ್ಮಡಿ ಬೆರಳುಗಳಿಗಿಂತ 10–12 ಮಿಲಿಮೀಟರ್ ಮೇಲೆ, ಗೌಡರ ಮನೆಯ ಜಗಲಿಯಲ್ಲಿ ಕೂತಂತೆ ಕೂತಿರುತ್ತದೆ. ನನ್ನದು ಬರಿಗಾಲಲ್ಲಿ ಓಡಿದಂತೆ ಓಡಿಸುವ ತೆಳು ಬೂಟು, ಅದರಲ್ಲಿ ಆ ಅಂತರ ಸೊನ್ನೆ. ಬರಿಗಾಲಲ್ಲೇ ಓಡಿ ಬೆಳೆದವರು ಬಹುಮಟ್ಟಿಗೆ ಹಿಮ್ಮಡಿ ಕುಟ್ಟದೆ ಮುಂಗಾಲಲ್ಲಿ ನೆಲ ಮುಟ್ಟುತ್ತಾರೆಂದು ಹಾರ್ವರ್ಡಿನ ಡೇನಿಯಲ್ ಲೀಬರ್ಮನ್ 2010ರಲ್ಲಿ ತೋರಿಸಿದ್ದರು. 1960ರಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲೇ ಓಡಿ ಗೆದ್ದಿದ್ದರು. ಇಷ್ಟು ಓದಿದ ಧಾರವಾಡದವನಿಗೆ ಮತ್ತೇನು ಬೇಕು? ಮೊದಲ ದಿನವೇ ಪೆರೇಡ್ ಗ್ರೌಂಡಿನ ಸುತ್ತ 5 ಕಿಲೋಮೀಟರ್ ಓಡಿಬಿಟ್ಟೆ.

ಆಹಾ, ಎಂಥ ಓಟ! ಜುಬಿಲಿ ಬಸ್ ನಿಲ್ದಾಣದ ಎದುರಿನ ಪ್ರತಿಯೊಂದು ಜಲ್ಲಿಕಲ್ಲೂ ಕಾಲಿಗೆ ತನ್ನ ಹೆಸರು ಹೇಳಿಕೊಂಡಿತು. ದಕ್ಖನ್ನಿನ ಗ್ರಾನೈಟಿಗೆ ಇಷ್ಟೊಂದು ಮೂಲೆಗಳಿವೆಯೆಂದು ನಲವತ್ತಾರು ವರ್ಷ ನನಗೆ ಗೊತ್ತೇ ಇರಲಿಲ್ಲ.

ಮರುದಿನ ಬೆಳಗ್ಗೆ ಮೀನಖಂಡಗಳು ಒನಕೆಗಳಾಗಿದ್ದವು. ಹಳೇ ಬೂಟಿನ ದಪ್ಪ ಹಿಮ್ಮಡಿ ಇಷ್ಟು ವರ್ಷ ಹೊತ್ತಿದ್ದ ಪೆಟ್ಟನ್ನೆಲ್ಲ ಈಗ ಅವೂ ಅವುಗಳ ಕೆಳಗಿನ ಸ್ನಾಯುರಜ್ಜುವೂ ಹೊರಬೇಕು. ವಾರಕ್ಕಿಷ್ಟು ಎಂದು ತಿಂಗಳುಗಟ್ಟಲೆ ಪಳಗಿಸಬೇಕಂತೆ. ಪೆಟ್ಟಿಗೆಯೊಳಗಿನ ಚೀಟಿಯಲ್ಲೂ ಅದನ್ನೇ ಬರೆದಿತ್ತು, ಚೀಟಿ ಓದಿ ಬೂಟು ಹಾಕುವವರುಂಟೇ? ಮಾರೇಡ್‌ಪಲ್ಲಿಯ ನಮ್ಮ ಮೂರನೆಯ ಮಹಡಿಯಿಂದ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯತೊಡಗಿದೆ. ಕೆಳಮನೆಯ ಅಜ್ಜಿ ನಾನು ಮೇಲೇರುತ್ತಿದ್ದೇನೆಂದು ತಿಳಿದು ಪಕ್ಕಕ್ಕೆ ಸರಿದು ನಿಂತರು. ನಾನು ಏರಲೇ ಇಲ್ಲ. ತುಂಬ ಹೊತ್ತು ಕಾದು, ‘ಏಮಯ್ಯಿಂದಿ ನಾಯನಾ?’ ಎಂದರು.

ಬಿಕಿಲ ಅವರ ಕತೆಯ ಮುಂದಿನ ಭಾಗವನ್ನು ಕಾಲು ಬಿಸಿನೀರಿನಲ್ಲಿಟ್ಟುಕೊಂಡು ಓದಿದೆ. 1964ರಲ್ಲಿ ಟೋಕಿಯೊದಲ್ಲೂ ಅವರೇ ಗೆದ್ದರು, ರೋಮ್‌ಗಿಂತ ವೇಗವಾಗಿ. ಬೂಟು ಹಾಕಿಕೊಂಡು.

ಈಗ ದಿನ ಬಿಟ್ಟು ದಿನ ಒಂದೇ ಕಿಲೋಮೀಟರ್ ಓಡಿ ಇರಾನಿ ಚಹಾ ಕುಡಿಯುತ್ತೇನೆ. ದಾರಿಯಲ್ಲಿ ಚಾಚಾ ನನ್ನ ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ. ಮೊನ್ನೆ ಚೂರಿಯಿಂದ ಹಳೇ ಟೈರಿನ ತುಂಡೊಂದನ್ನು ಸವರುತ್ತಿದ್ದ. ಅಳತೆ ನನ್ನದೇ ಇದ್ದಂತಿತ್ತು.