ಕಪಾಟು ಮೀಮಾಂಸೆ: ಕಾಣದ ಕೂಡಿಕೆಯ ಕುರಿತು ಒಂದು ಅಧಿಕರಣ

ವಿಷಯ: ಎರಡು ಪಕ್ಕಗಳ ನಡುವೆ ಹಲಗೆ ನಿಂತಿದ್ದರೆ ಅದು ಕಪಾಟು, ಹಲಗೆ ಬಿದ್ದ ಮೇಲೆ ಬರಿಯ ಪೆಟ್ಟಿಗೆ. ಆ ಹಲಗೆಯನ್ನು ಪಕ್ಕಕ್ಕೆ ಕೂಡಿಸಬೇಕು, ಕೂಡಿಸಿದ್ದು ಕಾಣಕೂಡದು, ನಿಘಂಟುಗಳನ್ನೆಲ್ಲ ಹೇರಿದರೂ ಕಳಚಕೂಡದು. ಗೃಹಸ್ಥರು ಈ ಮೂರನ್ನೂ ಒಂದೇ ಉಸಿರಿಗೆ ಕೇಳುತ್ತಾರೆ. ಅಗ್ಗವಾಗಿಯೂ ಇರಬೇಕೆಂಬುದು ಅಧ್ಯಾಹಾರ.

ಸಂಶಯ: ಕಾಣದ ಕೂಡಿಕೆ ಇದೆ ಎನ್ನಲು ಪ್ರಮಾಣವೇನು? ಪ್ರತ್ಯಕ್ಷ ಸಲ್ಲದು, ಕಂಡರೆ ಅದು ಗುಪ್ತವೇ ಅಲ್ಲ. ಅನುಮಾನ ಸಲ್ಲುತ್ತದೆ: ಹಲಗೆ ಇನ್ನೂ ಬಿದ್ದಿಲ್ಲ, ಆದ್ದರಿಂದ ಒಳಗೆ ಏನೋ ಇದೆ. ಶಬ್ದಪ್ರಮಾಣವೆಂದರೆ ‘ಏನೂ ಆಗಲ್ಲ ಬಿಡಿ ಸಾರ್’ ಎಂಬ ಬಡಗಿಯ ವಾಕ್ಯ. ಅದನ್ನು ಮೊದಲು ಯಾರು ನುಡಿದರೋ ತಿಳಿಯದು, ಪ್ರಶ್ನಿಸುವ ಸಂಪ್ರದಾಯವೂ ಇಲ್ಲ. ನಡುರಾತ್ರಿಯ ‘ಧಡಾರ್’ ಎಂಬುದನ್ನೂ ಶಬ್ದಪ್ರಮಾಣದಲ್ಲೇ ಸೇರಿಸುವವರುಂಟು.

ಪೂರ್ವಪಕ್ಷ: ಭೇದವಾದಿಗಳ ಮಾತು ಮೊದಲು ಕೇಳೋಣ. ಜಡಕ್ಕೂ ಜಡಕ್ಕೂ ಭೇದ ನಿತ್ಯವಾದ್ದರಿಂದ ಹಲಗೆಯನ್ನು ಪಕ್ಕಕ್ಕೆ ಕೂಡಿಸುವ ಆಸೆಯೇ ಅವಿದ್ಯೆ. ಪಕ್ಕದಲ್ಲಿ 32 ಮಿ.ಮೀ.ಗೊಂದರಂತೆ 5 ಮಿ.ಮೀ. ತೂತು ಕೊರೆದು, ಪಿನ್ನು ಸಿಕ್ಕಿಸಿ, ಹಲಗೆಯನ್ನು ಅದರ ಮೇಲೆ ಕೂರಿಸಿದರೆ ಸಾಕು. ಯುರೋಪಿನ ಕಾರ್ಖಾನೆಗಳು ಒಪ್ಪಿದ ಮತವಿದು. ಬೇಕೆಂದಾಗ ಹಲಗೆಯನ್ನು ಮೇಲೆ ಕೆಳಗೆ ಮಾಡಬಹುದು. ಆದರೆ ಎತ್ತರದ ಕಪಾಟಿನಲ್ಲಿ ಪಕ್ಕಗಳು ಹೊರಕ್ಕೆ ಬಾಗಿದರೆ ಹಿಡಿದುಕೊಳ್ಳುವವರಿಲ್ಲ. ಆಗ ಭೇದ ಸಿದ್ಧಿಸುತ್ತದೆ, ಹಲಗೆ ಬೀಳುತ್ತದೆ.

ಅಭೇದವಾದಿಗಳು ಫೆವಿಕಾಲ್ ಡಬ್ಬಿ ಹಿಡಿದು ಬರುತ್ತಾರೆ. ಎಳೆಯ ಉದ್ದಕ್ಕೂ ಅಂಟಿಸಿದ ಮರವನ್ನು ಮುರಿದರೆ ಮರವೇ ಸೀಳುತ್ತದೆ, ಅಂಟು ಬಿಡುವುದಿಲ್ಲ. ಎರಡೆಂಬುದು ಭ್ರಾಂತಿ ಎಂದು ಅವರು ಸಾಧಿಸಿ ತೋರಿಸುತ್ತಾರೆ. ಆದರೆ ಹಲಗೆ ಪಕ್ಕವನ್ನು ಮುಟ್ಟುವುದು ಅಡ್ಡ ಕೊಯ್ದ ತುದಿಯಿಂದ. ಆ ತುದಿ ಅಂಟನ್ನೆಲ್ಲ ಕುಡಿದು ಏನೂ ಆಗದವರಂತೆ ಕೂರುತ್ತದೆ. ಬರಿಯ ಅಂಟಿನ ಅದ್ವೈತ ಅಲ್ಲಿಗೆ ಸಡಿಲ.

ಮಧ್ಯೆ ಬಿಸ್ಕೆಟ್‌ವಾದವೊಂದಿದೆ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹರ್ಮನ್ ಸ್ಟೈನರ್ ಪ್ರವರ್ತಿಸಿದ್ದು. ಬಿಸ್ಕೆಟ್ ಎಂದರೆ ಒತ್ತಿದ ಬೀಚ್ ಮರದ ಬಿಲ್ಲೆ; ಅದು ಅಂಟಿನ ನೀರು ಕುಡಿದು ಉಬ್ಬಿ ಬಿಗಿಯುತ್ತದೆ. ಹಲಗೆಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಲು ಒಳ್ಳೆಯದು. ಭಾರ ಹೊರುವ ಹೊಣೆಯನ್ನು ಅದರ ತಲೆಗೆ ಕಟ್ಟಬಾರದು.

ಸಿದ್ಧಾಂತ: ಹಲಗೆ ಬೇರೆಯೇ, ಆದರೆ ಪಕ್ಕವನ್ನು ಬಿಟ್ಟು ಇರಲಾರದು. ಪಕ್ಕದಲ್ಲಿ ಅದರ ದಪ್ಪದ ಮೂರನೆಯ ಒಂದು ಭಾಗದಷ್ಟು, ಅಂದರೆ 18 ಮಿ.ಮೀ. ಪ್ಲೈವುಡ್ಡಿಗೆ 6 ಮಿ.ಮೀ. ಆಳದ ಗ್ರೂವು ಹೊಡೆದು, ಮುಂದಿನ ಅಂಚಿಗೆ ಮುಕ್ಕಾಲು ಅಂಗುಲ ಇರುವಾಗಲೇ ನಿಲ್ಲಿಸಿ. ಹಲಗೆಯ ಮುಂಭಾಗದ ಮೂಲೆಯನ್ನು ಅಷ್ಟೇ ಕಚ್ಚು ಮಾಡಿ ಒಳಗೆ ಕೂರಿಸಿ. ಮುಂದಿನಿಂದ ನೋಡಿದರೆ ಒಂದು ಗೆರೆ ಮಾತ್ರ. ಭಾರವನ್ನು ಗ್ರೂವಿನ ಕೆಳದುಟಿ ಹೊರುತ್ತದೆ. ಹಲಗೆ ಈಚೆ ಸರಿಯದಂತೆ ಕಾಯುವುದಷ್ಟೇ ಅಂಟಿನ ಪಾಲು. ಒಂದು ಎಚ್ಚರಿಕೆ: ಪ್ಲೈವುಡ್ಡಿನ 18 ಮಿ.ಮೀ. ವ್ಯಾವಹಾರಿಕ ಸತ್ಯ, ಪಾರಮಾರ್ಥಿಕವಲ್ಲ. ಕೈಯಲ್ಲಿರುವ ಹಲಗೆಯನ್ನು ಅಳೆಯಿರಿ, ಬಿಲ್ಲನ್ನಲ್ಲ.

ತೇಗದಂಥ ಗಟ್ಟಿ ಮರವಾದರೆ ಜಾರಿಸುವ ಡವ್‌ಟೇಲ್ ಮೇಲು. ಅದರ ಗ್ರೂವು ಬಾಯಲ್ಲಿ ಕಿರಿದು, ಒಳಗೆ ಅಗಲ. ಹಲಗೆಯನ್ನು ಹಿಂದಿನಿಂದ ತಳ್ಳುತ್ತ ಹೋಗಬೇಕು, ಎಳೆದರೆ ಬರದು. ಬಾಗಲು ಹೊರಟ ಪಕ್ಕವನ್ನೂ ಅದು ತಡೆಯುತ್ತದೆ. ಉದ್ದಕ್ಕೂ ಅಂಟು ಬಳಿಯಬೇಡಿ. ಅರ್ಧದಾರಿಯಲ್ಲಿ ಉಬ್ಬಿ ಕಚ್ಚಿಕೊಂಡರೆ ಯಾವ ಆಚಾರ್ಯರೂ ಬಿಡಿಸಲಾರರು.

ಆಕ್ಷೇಪ: ಕೂಡಿಕೆ ಕದಲದಿದ್ದರೂ ಹಲಗೆ ನಡುವೆ ಜೋಲುತ್ತದಲ್ಲ? ಅದು ಕೂಡಿಕೆಯ ಪಾಪವಲ್ಲ, ಉದ್ದದ ಫಲ. ಸಾಲಾಗಿ ಪುಸ್ತಕ ತುಂಬಿದ ಹಲಗೆಯ ಉದ್ದ ಇಮ್ಮಡಿಯಾದರೆ ಜೋಲು ಹದಿನಾರು ಪಟ್ಟು. ದಪ್ಪ ಇಮ್ಮಡಿಯಾದರೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ನಾಲ್ಕಡಿಯ ಹಲಗೆ ಬೇಕೆನ್ನುವವರು ನಡುವೆ ಒಂದು ಕಂಬ ಕೊಡಲಿ, ಇಲ್ಲವೇ ಮುಂದಿನ ಅಂಚಿಗೆ ಒಂದೂವರೆ ಅಂಗುಲದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಲಿ.

ಹೀಗಾಗಿ ಪ್ಲೈವುಡ್ಡಿಗೆ ಮುಂದೆ ನಿಲ್ಲಿಸಿದ ಗ್ರೂವು, ತೇಗಕ್ಕೆ ಡವ್‌ಟೇಲ್. ಎರಡಕ್ಕೂ ಮೊಳೆ ಹೊಡೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ; ಆ ಹೊತ್ತಿನ ಕೂಲಿಯನ್ನು ಬಡಗಿಯ ಹತ್ತಿರ ಮೊದಲೇ ಮಾತಾಡಿಕೊಳ್ಳಿ.