ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸತಕ್ಕದ್ದು

ಕಡಿಯುವ ಮರಕ್ಕೆ ಮೊದಲು ಬಣ್ಣದಲ್ಲಿ ನಂಬರು ಬರೆಯುತ್ತಾರೆ. ಆಮೇಲೆ ಅದರ ಮೈಗೇ ಮೊಳೆ ಹೊಡೆದು ನೋಟಿಸು ತಗುಲಿಸುತ್ತಾರೆ: ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸತಕ್ಕದ್ದು. ಮಳೆ ಬಂದು ಅಕ್ಷರ ಕಲಸಿಹೋದರೆ ಅದು ಪಾಲಿಕೆಯ ತಪ್ಪಲ್ಲ, ಮಳೆಯದು. ಮಳೆಗೆ ಕಾರಣ ಮರ. ಹೀಗಾಗಿ ಮೂಲ ಆರೋಪಿ ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದರೂ ಉಪಚಾರ ನಡೆಯುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಕೃಪೆಯಿಂದ. ಸಾರ್ವಜನಿಕ ಕಾಮಗಾರಿಗೆ ಉರುಳುವ ಮರಗಳ ಸಂಖ್ಯೆ 50 ದಾಟಿದರೆ ಜನರ ಅಹವಾಲು ಕೇಳಬೇಕೆಂದು ಅದಕ್ಕೆ ಆಮೇಲೆ ತಿದ್ದುಪಡಿ ಬಂತು. ಅದಕ್ಕಿಂತ ಕಡಿಮೆಯಾದರೆ ಚಿಲ್ಲರೆ ಬಾಬ್ತು. ನಮ್ಮ ಎಂಜಿನಿಯರುಗಳು ಲೆಕ್ಕದಲ್ಲಿ ದಡ್ಡರಲ್ಲ.

ಅಹವಾಲು ಕೇಳುವವರಾದರೂ ಯಾರು? ಬೆಂಗಳೂರಿನ ಬಿಬಿಎಂಪಿಯಲ್ಲಿ ಮರ ಕಡಿಯಲು ಅರ್ಜಿ ಹಾಕುತ್ತಿದ್ದದ್ದು ಪಾಲಿಕೆಯ ರಸ್ತೆ ವಿಭಾಗ. ಅನುಮತಿ ಕೊಡುತ್ತಿದ್ದದ್ದು ಅರಣ್ಯ ಇಲಾಖೆಯಿಂದ ಎರವಲು ಬಂದು ಅದೇ ಪಾಲಿಕೆಯಲ್ಲಿ ಕೂತ ವೃಕ್ಷ ಅಧಿಕಾರಿ. ಹೆಣ್ಣಿನ ಕಡೆಯವರೂ ಇವರೇ, ಗಂಡಿನ ಕಡೆಯವರೂ ಇವರೇ. ಅಕ್ಷತೆ ಹಾಕಲು ಮಾತ್ರ ಸಾರ್ವಜನಿಕರು. 2025ರಲ್ಲಿ ಆ ಪಾಲಿಕೆ ಒಡೆದು ಐದಾಯಿತು. ಕೊಡಲಿಯೂ ಐದಾಗದಿದ್ದರೆ ಸಾಕು.

ಅಕ್ಷತೆ ಹಾಕದೆ ಜನ ತಕರಾರು ತೆಗೆದದ್ದೂ ಉಂಟು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟಲು 812 ಮರ ಕಡಿಯುತ್ತಾರೆಂದಾಗ, 2016ರ ಅಕ್ಟೋಬರಿನಲ್ಲಿ ಸಾವಿರಾರು ಮಂದಿ ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. ಮರುವರ್ಷ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಆಡಳಿತ ಇದರಿಂದ ಪಾಠ ಕಲಿಯಲಿಲ್ಲ ಎನ್ನಬೇಡಿ. ಹಗಲು ಹೊತ್ತು ಜನ ಎದ್ದಿರುತ್ತಾರೆ ಎಂಬುದನ್ನು ಕಲಿಯಿತು. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯ ಮರಗಳು ಅಗಲೀಕರಣಕ್ಕೆಂದು ರಾತ್ರೋರಾತ್ರಿ ನೆಲಕ್ಕೊರಗಿದವು. ಎಷ್ಟು? 40. ಐವತ್ತಕ್ಕೆ ಇನ್ನೂ ಹತ್ತು ಬಾಕಿ.

ಸಾಲುಮರದ ತಿಮ್ಮಕ್ಕನಿಗೆ ಪದ್ಮಶ್ರೀ ಬಂದದ್ದು 2019ರಲ್ಲಿ. ಹುಲಿಕಲ್‌–ಕುದೂರು ದಾರಿಯಲ್ಲಿ ಆಕೆ ನೆಟ್ಟು ನೀರೆರೆದ ಆಲಗಳ ಮೇಲೆ ರಸ್ತೆ ಅಗಲೀಕರಣದ ಕಣ್ಣು ಬಿದ್ದದ್ದೂ ಅದೇ ವರ್ಷ. ಪ್ರಶಸ್ತಿ ಕೇಂದ್ರದ್ದು, ರಸ್ತೆ ರಾಜ್ಯದ್ದು, ಒಂದಕ್ಕೊಂದು ಸಂಬಂಧವಿಲ್ಲ. ಅಜ್ಜಿ ಮುಖ್ಯಮಂತ್ರಿಗೆ ಮೊರೆಯಿಟ್ಟ ಮೇಲೆ ಪರ್ಯಾಯ ಹುಡುಕುವ ಮಾತು ಬಂತು. ಅಂದರೆ ಮರ ಉಳಿಯಬೇಕಾದರೆ ನೆಟ್ಟವರು ನೂರು ದಾಟಬೇಕು, ಪದ್ಮಶ್ರೀ ಪಡೆಯಬೇಕು, ಆಮೇಲೂ ಕೈಮುಗಿಯಬೇಕು. ಮಿಕ್ಕ ಮರಗಳಿಗೆ ನಮ್ಮ ಅರ್ಜಿಯೇ ಗತಿ: ಎರಡು ಪ್ರತಿ, ಆಧಾರ್ ಜೆರಾಕ್ಸ್ ಸಮೇತ, ಕಚೇರಿ ವೇಳೆಯಲ್ಲಿ ಮಾತ್ರ.